ವಿಮಾನಯಾನದ ದೂರ ಮತ್ತು ಕಾಲ: ತರಗತಿಗೊಂದು ಗಣನೆ

ಕಾಸರಗೋಡಿನ ಅನೇಕ ಮಕ್ಕಳಿಗೆ ದುಬೈ ಅಪರಿಚಿತ ಹೆಸರಲ್ಲ. ದುಡಿಮೆಗಾಗಿ ಅಲ್ಲಿಗೆ ಹೋದ ಬಂಧುಗಳು ಮಂಗಳೂರಿನಲ್ಲಿ ಹತ್ತಕ್ಕೆ ಹೊರಟು ಹನ್ನೆರಡಕ್ಕೆ ದುಬೈ ತಲುಪಿದರೆಂದೂ, ಮರಳುವಾಗ ಹನ್ನೆರಡಕ್ಕೆ ಹೊರಟು ಸಂಜೆ ಐದಕ್ಕೆ ಇಳಿದರೆಂದೂ ಭಾವಿಸೋಣ. ದಾರಿ ಒಂದೇ ಆಗಿರುವಾಗ ಒಮ್ಮೆ ಎರಡು ಗಂಟೆ, ಮತ್ತೊಮ್ಮೆ ಐದು ಗಂಟೆ ಏಕೆ? ಈ ಪ್ರಶ್ನೆಯು ಅಕ್ಷಾಂಶ, ರೇಖಾಂಶಗಳ ಪಾಠಕ್ಕೆ ಉತ್ತಮ ಪ್ರವೇಶವಾಗಬಲ್ಲದು.

ಮೊದಲು ದೂರ. ಮಂಗಳೂರು ವಿಮಾನ ನಿಲ್ದಾಣವು ಸುಮಾರು 12.96° ಉತ್ತರ ಅಕ್ಷಾಂಶ, 74.89° ಪೂರ್ವ ರೇಖಾಂಶದಲ್ಲಿದೆ; ದುಬೈ ನಿಲ್ದಾಣವು ಸುಮಾರು 25.25° ಉತ್ತರ, 55.36° ಪೂರ್ವದಲ್ಲಿದೆ. ಅಕ್ಷಾಂಶದ ಅಂತರ 12.3°, ರೇಖಾಂಶದ ಅಂತರ 19.5°. ಅಕ್ಷಾಂಶದ ಒಂದು ಡಿಗ್ರಿಗೆ ಎಲ್ಲೆಡೆಯೂ ಸುಮಾರು 111 ಕಿ.ಮೀ. ರೇಖಾಂಶದ ಡಿಗ್ರಿ ಹಾಗಲ್ಲ. ಸಮಭಾಜಕ ವೃತ್ತದಿಂದ ಧ್ರುವದ ಕಡೆಗೆ ಸಾಗಿದಂತೆ ಅದು ಕಿರಿದಾಗುತ್ತದೆ. ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಆದುದರಿಂದ 19.5ನ್ನು ಸರಾಸರಿ ಅಕ್ಷಾಂಶವಾದ 19.1°ಯ ಕೊಸೈನ್ 0.945ರಿಂದ ಗುಣಿಸಬೇಕು, ಉತ್ತರ 18.4. ಇನ್ನು ಪೈಥಾಗೊರಸ್ ಪ್ರಮೇಯ: 12.3 ಮತ್ತು 18.4ರ ವರ್ಗಗಳ ಮೊತ್ತದ ವರ್ಗಮೂಲ 22.13. ಅದನ್ನು 111ರಿಂದ ಗುಣಿಸಿದರೆ ಸುಮಾರು 2,460 ಕಿ.ಮೀ. ಕೊಸೈನ್ ಮರೆತವರಿಗೆ ನೂರು ಕಿ.ಮೀ. ಹೆಚ್ಚು ಬರುತ್ತದೆ.

ಮುಂದೆ ಕಾಲ. ಜೆಟ್ ವಿಮಾನದ ವೇಗ ಗಂಟೆಗೆ 850 ಕಿ.ಮೀ. ಎಂದಿಟ್ಟುಕೊಂಡರೆ 2 ಗಂಟೆ 54 ನಿಮಿಷ. ರನ್‌ವೇಯವರೆಗಿನ ಓಟ, ಏರುವಿಕೆ, ಇಳಿಯುವಿಕೆಗಳಿಗೆ ಅರ್ಧ ಗಂಟೆ ಸೇರಿಸಿದರೆ ಸುಮಾರು ಮೂರೂವರೆ ಗಂಟೆ. ಇದು ಅಂದಾಜು ಮಾತ್ರ. ಎದುರುಗಾಳಿಯೂ ಬಳಸುದಾರಿಯೂ ಇದನ್ನು ಹೆಚ್ಚಿಸಬಹುದು.

ಈಗ ಒಗಟು ಬಿಡುತ್ತದೆ. ಭಾರತದ ಕಾಲಮಾನ 82.5° ಪೂರ್ವ ರೇಖಾಂಶವನ್ನು ಆಧರಿಸಿದೆ. ದುಬೈಯ ಗಡಿಯಾರ 60° ಪೂರ್ವ ರೇಖಾಂಶದ ಕಾಲಕ್ಕೆ ಹೊಂದುತ್ತದೆ. ಅಂತರ 22.5°, ಡಿಗ್ರಿಗೆ ನಾಲ್ಕು ನಿಮಿಷದಂತೆ 90 ನಿಮಿಷ. ಹತ್ತಕ್ಕೆ ಹೊರಟವರು ಭಾರತದ ಒಂದೂವರೆಗೆ ಇಳಿಯುತ್ತಾರೆ. ಆಗ ದುಬೈಯಲ್ಲಿ ಹನ್ನೆರಡು. ಮರುಪ್ರಯಾಣದಲ್ಲಿ ಅದೇ 90 ನಿಮಿಷ ಕೂಡಿಕೊಳ್ಳುತ್ತದೆ. ಎರಡು ಮತ್ತು ಐದರ ಸರಾಸರಿ ಮೂರೂವರೆ ಎಂಬುದನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳುವಂತೆ ಮಾಡಬೇಕು.

ಬಹುದೂರದ ಯಾನಗಳಿಗೆ ಈ ಸುಲಭ ವಿಧಾನ ಸಲ್ಲದು. ಅಲ್ಲಿ ಭೂಗೋಲದ ಮೇಲೆ ದಾರವನ್ನು ಬಿಗಿಯಾಗಿ ಎಳೆದು ತೋರಿಸುವುದು ಮೇಲು. ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಎಳೆದ ದಾರ ಉತ್ತರ ಧ್ರುವಪ್ರದೇಶದ ಮೂಲಕ ಹಾಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ವಿಮಾನವೊಂದು ಧ್ರುವಮಾರ್ಗವಾಗಿಯೇ ಬೆಂಗಳೂರಿಗೆ ಬಂದಿತು. ಗೋಡೆಯ ನಕಾಶೆಯ ಸರಳರೇಖೆ ಈ ಸತ್ಯವನ್ನು ಮರೆಮಾಡುತ್ತದೆ.

ಮೊಬೈಲ್ ಕ್ಷಣದಲ್ಲಿ ಉತ್ತರ ಕೊಡುವುದು ನಿಜ. ಆದರೆ ಆ ಉತ್ತರ ಸರಿಯೇ ಎಂದು ತೂಗಿನೋಡುವ ಶಕ್ತಿ ತನ್ನ ಭಾಷೆಯಲ್ಲಿ ಲೆಕ್ಕ ಮಾಡಿದ ವಿದ್ಯಾರ್ಥಿಗೆ ಮಾತ್ರ ಒದಗುತ್ತದೆ. ಮೊದಲು ಗಣನೆ, ಅನಂತರ ಮೊಬೈಲಿನೊಡನೆ ಹೋಲಿಕೆ ಎಂಬ ಕ್ರಮವನ್ನು ಶಿಕ್ಷಕರು ಪಾಲಿಸುವುದು ಒಳಿತು.