ಮಂದದೃಷ್ಟಿಯ ಮಗುವೂ ಮನೆಯ ನೆಮ್ಮದಿಯೂ

ಅಂಗಳದಲ್ಲಿ ಬಿದ್ದ ಕಾಳನ್ನು ಬಗ್ಗಿ ಹೆಕ್ಕಬಲ್ಲ ಹುಡುಗನು ಬೀದಿಯಲ್ಲಿ ಎದುರಾದ ಸೋದರಮಾವನ ಗುರುತು ಹಿಡಿಯುವುದಿಲ್ಲ. ಪುಸ್ತಕವನ್ನು ಮೂಗಿಗೆ ತಾಗುವಂತೆ ಹಿಡಿದು ಓದುತ್ತಾನೆ. ಕರಿಹಲಗೆಯ ಅಕ್ಷರ ಮಾತ್ರ ಕಾಣದೆನ್ನುತ್ತಾನೆ. ಮಗನು ಸೋಗು ಹಾಕುತ್ತಿದ್ದಾನೆಂದು ತಂದೆಗೆ ಸಿಟ್ಟು. ಬಸುರಿಯಾಗಿದ್ದಾಗ ಗ್ರಹಣದ ನೇಮ ಪಾಲಿಸಲಿಲ್ಲವೆಂದು ತಾಯಿಯ ಮೇಲೆ ಅಜ್ಜಿಯ ದೂರು. ಹೀಗೆ ಒಂದು ಮಗುವಿನ ಕಣ್ಣಿನ ಕೊರತೆಯು ಇಡೀ ಮನೆಯ ನೆಮ್ಮದಿಯನ್ನು ಕದಡುತ್ತದೆ. ಇದಕ್ಕೆ ಮೊದಲನೆಯ ಮದ್ದು ತಿಳಿವಳಿಕೆ.

ಚಿಕಿತ್ಸೆಯಾದ ಮೇಲೂ, ಕನ್ನಡಕ ತೊಟ್ಟ ಮೇಲೂ ಉಳಿಯುವ ದೃಷ್ಟಿಯ ಕೊರತೆಯೇ ಮಂದದೃಷ್ಟಿ. ಉತ್ತಮವಾದ ಕಣ್ಣಿನ ಶಕ್ತಿಯು 6/18ನ್ನು ಮೀರದೆ 3/60ರವರೆಗೆ ಇರುವುದನ್ನು, ಅಥವಾ ನೋಟದ ಹರವು 40 ಡಿಗ್ರಿಗಿಂತ ಕಡಿಮೆಯಾಗಿ 10 ಡಿಗ್ರಿಯವರೆಗೆ ಇಳಿದಿರುವುದನ್ನು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಹೀಗೆ ಕರೆದಿದೆ. 6/60 ಎಂದರೇನು? ಆರೋಗ್ಯದ ಕಣ್ಣು 60 ಮೀಟರಿನಿಂದ ಗುರುತಿಸುವ ಅಕ್ಷರವನ್ನು ಈ ಕಣ್ಣು 6 ಮೀಟರಿನಷ್ಟು ಹತ್ತಿರ ಬಂದರೆ ಮಾತ್ರ ಗುರುತಿಸಬಲ್ಲುದು.

ಅಂಥ ಕಣ್ಣಿಗೆ 6 ಮೀಟರ್ ದೂರದಲ್ಲಿ ಸುಮಾರು 9 ಸೆಂಟಿಮೀಟರ್ ಎತ್ತರದ ಅಕ್ಷರ ಬೇಕು. ಕರಿಹಲಗೆಯ ಮೇಲೆ ಅಷ್ಟು ದಪ್ಪಗೆ ಬರೆಯುವವರಾರು? ಆದರೆ ದೂರವು ಅರ್ಧವಾದಾಗ ಅಕ್ಷಿಪಟದ ಮೇಲಿನ ಬಿಂಬವು ಇಮ್ಮಡಿಯಾಗುತ್ತದೆ. 2 ಮೀಟರಿಗೆ ಬಂದರೆ 3 ಸೆಂಟಿಮೀಟರಿನ ಅಕ್ಷರವೇ ಸಾಕು. ಕಾಳು ಕಂಡು ಮಾವ ಕಾಣದ ಒಗಟು ಇಲ್ಲಿ ಬಿಡುತ್ತದೆ. ಪುಸ್ತಕವನ್ನು ಹತ್ತಿರ ಹಿಡಿಯುವುದು ದುರಭ್ಯಾಸವಲ್ಲ; ಬಿಂಬವನ್ನು ಹಿಗ್ಗಿಸಲು ಮಗು ತಾನೇ ಕಂಡುಕೊಂಡ ಉಪಾಯ. ಉಳಿದಿರುವ ದೃಷ್ಟಿಯು ಬಳಸಿದರೆ ಸವೆದುಹೋಗುವ ವಸ್ತುವಲ್ಲ.

ಇನ್ನು ತಾಯಿಯ ಮೇಲಿನ ದೂರು. ಹುಟ್ಟಿನಿಂದ ಬಂದ ಪೊರೆ, ಅಕ್ಷಿಪಟದ ಅಥವಾ ದೃಷ್ಟಿನರದ ರೋಗ, ದಿನ ತುಂಬುವ ಮುನ್ನ ಆದ ಜನನ, ವರ್ಣದ್ರವ್ಯದ ಕೊರತೆ ಇವೇ ಮುಂತಾದವು ಕಾರಣಗಳು, ಗ್ರಹಣವಲ್ಲ. ಅನುವಂಶೀಯವಾದ ಕೆಲವು ದೋಷಗಳು ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಎರಡು ದೋಷಯುತ ಜೀನುಗಳು ಕೂಡಿದಾಗಲೇ ತೋರುತ್ತವೆ. ಅವರಿಬ್ಬರ ಕಣ್ಣೂ ಚೆನ್ನಾಗಿಯೇ ಇರಬಹುದು. ಆದರೂ ಪ್ರತಿ ಬಸುರಿನಲ್ಲಿ ನಾಲ್ಕರಲ್ಲೊಂದು ಪಾಲಿನ ಸಂಭವವಿರುತ್ತದೆ. ರಕ್ತಸಂಬಂಧದ ಮದುವೆಗಳಲ್ಲಿ ಇಂಥ ಜೀನುಗಳು ಕೂಡುವ ಸಾಧ್ಯತೆ ಹೆಚ್ಚು. ಹೀಗಿರುವಾಗ ಒಬ್ಬರನ್ನೇ ದೂಷಿಸುವುದು ಅನ್ಯಾಯವಷ್ಟೇ ಅಲ್ಲ, ಅವೈಜ್ಞಾನಿಕವೂ ಹೌದು.

ಖಾನಾಪುರ ತಾಲೂಕಿನ ಬೀಡಿಯಂಥ ಊರಿನ ಕೂಲಿಯ ಕುಟುಂಬವೊಂದು ಮಗುವಿನೊಡನೆ ಬೆಳಗಾವಿಯ ಆಸ್ಪತ್ರೆಗೆ ಹೋಗಿಬರುವುದೆಂದರೆ ಒಂದು ದಿನದ ಗಳಿಕೆಯೇ ಹೋದಂತೆ. ಆದುದರಿಂದ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಅಂಗನವಾಡಿ, ಶಾಲೆಗಳಲ್ಲಿ ನಡೆಯುವ ತಪಾಸಣೆಯನ್ನು ತಪ್ಪಿಸಬಾರದು. ವೈಕಲ್ಯವು ಶೇಕಡಾ 40ಕ್ಕೆ ಕಡಿಮೆಯಿಲ್ಲವೆಂದು ಪ್ರಮಾಣಪತ್ರ ದೊರೆತ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕನ್ನು ಅದೇ ಕಾಯಿದೆ ನೀಡಿದೆ. ಊರಿನ ಶಾಲೆಯಲ್ಲೇ ಕಲಿಯಬಲ್ಲ ಮಗುವನ್ನು ತಂದೆತಾಯಿಗಳಿಂದ ಅಗಲಿಸಬೇಕಾದುದಿಲ್ಲ.

ಮನೆಯಲ್ಲಿ ಮಾಡಬೇಕಾದುದು ಹೆಚ್ಚು ಖರ್ಚಿನದಲ್ಲ. ಮಳೆಗಾಲದ ಮಬ್ಬಿನಲ್ಲಿ ಓದಲು ಕಿಟಕಿಯ ಬದಿಯ ಜಾಗ, ಹೊಸ್ತಿಲಿಗೊಂದು ಸುಣ್ಣದ ಪಟ್ಟೆ, ಬಿಳಿಯ ಅನ್ನಕ್ಕೆ ಗಾಢಬಣ್ಣದ ತಟ್ಟೆ, ವಸ್ತುಗಳಿಗೆ ಗೊತ್ತಾದ ಸ್ಥಾನ ಇಷ್ಟಿದ್ದರೆ ಮಗು ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ. ಮಗು ಸ್ವತಂತ್ರವಾದಷ್ಟೂ ತಾಯಿಯ ಭಾರ ಇಳಿಯುತ್ತದೆ. ಆಸ್ಪತ್ರೆಯ ಓಡಾಟವನ್ನು ತಂದೆಯೂ ಹಂಚಿಕೊಳ್ಳಬೇಕು. ಮಿಕ್ಕ ಮಕ್ಕಳಿಗೂ ಅವರ ಪಾಲಿನ ಅಕ್ಕರೆ ಸಲ್ಲಬೇಕು.

ವಿದ್ಯಾರ್ಥಿಗಳಾದ ನಮ್ಮ ಓದುಗರಿಂದಲೂ ಆಗುವ ಉಪಕಾರವೊಂದಿದೆ. ಇಂಥ ಸಹಪಾಠಿಗೆ ಮುಂದಿನ ಬೆಂಚನ್ನು ಬಿಟ್ಟುಕೊಡಿರಿ. ಹಲಗೆಯ ಮೇಲಿನದನ್ನು ಮೆಲ್ಲನೆ ಓದಿ ಹೇಳಿರಿ. ಬೀದಿಯಲ್ಲಿ ಕಂಡಾಗ ನಿಮ್ಮ ಹೆಸರು ಹೇಳಿ ಮಾತನಾಡಿಸಿರಿ. ಅಂದು ಸಂಜೆ ಆ ಮನೆಯಲ್ಲಿ ಒಂದು ಚಿಂತೆ ಕಡಿಮೆಯಾಗುವುದು.