ಅಟ್ಲಾಂಟಿಕ್‌ನ ಸಿಹಿನೀರು, ಅರಬ್ಬೀ ಸಮುದ್ರದ ಮುಂಗಾರು

ಮಂಗಳೂರಿನ ಕಡಲತೀರ ಒಂದು ಕಾಲಕ್ಕೆ ಪಣಂಬೂರಿನಲ್ಲಾಗಲೀ ಉಳ್ಳಾಲದಲ್ಲಾಗಲೀ ಇರಲಿಲ್ಲ. ಸುಮಾರು 21,000 ವರ್ಷಗಳ ಹಿಂದೆ, ಹಿಮಯುಗ ಉತ್ತುಂಗದಲ್ಲಿದ್ದಾಗ, ಸಮುದ್ರಮಟ್ಟ ಇಂದಿಗಿಂತ 120 ಮೀಟರಿನಷ್ಟು ಕೆಳಗಿತ್ತು. ಇಂದು ಟ್ರಾಲ್ ಬೋಟುಗಳು ಬಲೆ ಎಳೆಯುವ ಜಾಗ ಆಗ ಒಣನೆಲ. ಮಂಗಳೂರಿನಾಚೆ ಮುಳುಗಿಹೋದ ಪ್ರಾಚೀನ ಕಡಲತೀರವೊಂದರ ಕುರುಹುಗಳನ್ನು ಆರ್. ಶಂಕರ್ ಮತ್ತು ಎ.ಆರ್. ಕರ್ಬಾಸಿ 1992ರಲ್ಲಿ ಕಡಲತಳದ ಮರಳು, ಕೆಸರುಗಳಲ್ಲಿ ಗುರುತಿಸಿದರು.

ಕಡಲಿನಲ್ಲಿಲ್ಲದ ಆ ನೀರು ಉತ್ತರ ಅಮೆರಿಕ, ಯುರೋಪುಗಳ ಮೇಲೆ ಕಿಲೋಮೀಟರುಗಟ್ಟಲೆ ದಪ್ಪದ ಹಿಮವಾಗಿ ಕೂತಿತ್ತು. ಹಿಮ ಕರಗಿದಂತೆ ಕಡಲು ಏರಿತು. ಅಷ್ಟೇ ಅಲ್ಲ, ಭೂಮಿಯ ಅತಿ ದೊಡ್ಡ ಯಂತ್ರವೊಂದು ಮತ್ತೆ ಮತ್ತೆ ಕುಂಟಿತು. ಅದು ಅಟ್ಲಾಂಟಿಕ್ ಸಾಗರದ ನೀರಿನ ಚಕ್ರ.

ಅಟ್ಲಾಂಟಿಕ್‌ನ ಬೆಚ್ಚನೆಯ ಉಪ್ಪುನೀರು ಮೇಲ್ಪದರದಲ್ಲಿ ಉತ್ತರಕ್ಕೆ ಹರಿಯುತ್ತದೆ. ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್‌ಗಳ ಆಸುಪಾಸಿನಲ್ಲಿ ಶಾಖ ಕಳೆದುಕೊಂಡು, ಭಾರವಾಗಿ ಆಳಕ್ಕೆ ಮುಳುಗಿ, ಆಳದಲ್ಲೇ ದಕ್ಷಿಣಕ್ಕೆ ಮರಳುತ್ತದೆ. ಇಂದು ಈ ಚಕ್ರದಲ್ಲಿ ಸೆಕೆಂಡಿಗೆ ಸುಮಾರು 1.7 ಕೋಟಿ ಘನ ಮೀಟರ್ ನೀರು ಸಾಗುತ್ತಿದೆ. ಇಡೀ ಯಂತ್ರ ನಿಂತಿರುವುದು ನೀರಿನ ಭಾರದ ಮೇಲೆ. ಭಾರ ಬರುವುದು ತಂಪಿನಿಂದ ಮತ್ತು ಉಪ್ಪಿನಿಂದ.

ನೀರು ಮುಳುಗುವ ಆ ಜಾಗಕ್ಕೆ ಸಿಹಿನೀರು ಬಂದರೆ? ಬೆಂಗ್ರೆಯ ಅಳಿವೆಯಲ್ಲಿ ನೇತ್ರಾವತಿ, ಗುರುಪುರ ನದಿಗಳ ಹಗುರ ನೀರು ಉಪ್ಪುನೀರಿನ ಮೇಲೆ ತೇಲುವಂತೆಯೇ, ಕರಗಿದ ಹಿಮದ ನೀರು ಉತ್ತರ ಅಟ್ಲಾಂಟಿಕ್‌ನ ಮೇಲೆ ಹರಡಿಕೊಳ್ಳುತ್ತದೆ. ಅದು ಎಷ್ಟೇ ತಣ್ಣಗಾದರೂ ಸುಲಭವಾಗಿ ಮುಳುಗದು. ಚಕ್ರ ನಿಧಾನವಾಗುತ್ತದೆ.

ಹೀಗಾದುದಕ್ಕೆ ಸಾಕ್ಷಿ ಕಲ್ಲುಗಳು. ಜರ್ಮನಿಯ ಹಾರ್ಟ್‌ಮುಟ್ ಹೈನ್‌ರಿಖ್, ದಡದಿಂದ ಬಹುದೂರದ ಅಟ್ಲಾಂಟಿಕ್ ತಳದಲ್ಲಿ ನೆಲದ ಕಲ್ಲುಚೂರುಗಳ ಪದರಗಳನ್ನು 1988ರಲ್ಲಿ ವಿವರಿಸಿದರು. ಅವನ್ನು ಹೊತ್ತು ತಂದು ಕರಗುತ್ತಾ ಉದುರಿಸಿದ್ದು ತೇಲುವ ಹಿಮಗಡ್ಡೆಗಳು. ಬಹುಪಾಲು ಕೆನಡಾದ ಹಡ್ಸನ್ ಜಲಸಂಧಿಯ ಕಡೆಯವು. ಕಳೆದ 60,000 ವರ್ಷಗಳಲ್ಲಿ ಇಂಥ ದಂಡಯಾತ್ರೆ ಆರು ಬಾರಿ ನಡೆದಿದೆ. ಕೆಲವು ಬಾರಿ ಚಕ್ರ ಮೊದಲೇ ಕುಗ್ಗಿತ್ತು, ಹಿಮಗಡ್ಡೆಗಳು ಆಮೇಲೆ ಬಂದು ಅದನ್ನು ಇನ್ನಷ್ಟು ಕಟ್ಟಿಹಾಕಿದವು ಎಂಬ ವಾದವೂ ಇದೆ.

ಉತ್ತರಕ್ಕೆ ಶಾಖ ತಲುಪದಿದ್ದಾಗ ಉತ್ತರಾರ್ಧಗೋಳ ತಣ್ಣಗಾಯಿತು. ಉಷ್ಣವಲಯದ ಮಳೆಪಟ್ಟಿ ದಕ್ಷಿಣಕ್ಕೆ ಸರಿಯಿತು, ನಮ್ಮ ಮುಂಗಾರು ಸೊರಗಿತು. ಇದರ ದಾಖಲೆ ಅರಬ್ಬೀ ಸಮುದ್ರದ ಕೆಸರಿನಲ್ಲೇ ಇದೆ. ಮುಂಗಾರಿನ ಗಾಳಿ ಆಳದ ಪೋಷಕಾಂಶಗಳನ್ನು ಮೇಲಕ್ಕೆ ತರುತ್ತದೆ, ಪ್ಲವಕಗಳು ಬೆಳೆಯುತ್ತವೆ, ಬಂಗುಡೆ, ಬೂತಾಯಿಗಳ ಹೊಟ್ಟೆ ತುಂಬುತ್ತದೆ, ಉಳಿದ ಜೈವಿಕ ಅವಶೇಷ ತಳ ಸೇರುತ್ತದೆ. ಹಾರ್ಟ್‌ಮುಟ್ ಶುಲ್ಜ್ ಮತ್ತು ಸಂಗಡಿಗರು ಪಾಕಿಸ್ತಾನದ ಕರಾವಳಿಯಾಚೆ ತೆಗೆದ ಕೆಸರಿನ ಕಂಬಗಳಲ್ಲಿ 1,10,000 ವರ್ಷಗಳ ಚರಿತ್ರೆ ಸಿಕ್ಕಿತು. ಗ್ರೀನ್‌ಲ್ಯಾಂಡ್ ಬೆಚ್ಚಗಿದ್ದಾಗಿನ ಪದರಗಳಲ್ಲಿ ಜೈವಿಕ ಅವಶೇಷ ಹೆಚ್ಚು. ಹೈನ್‌ರಿಖ್ ವಿವರಿಸಿದ ಕಲ್ಲುಚೂರುಗಳು ಬಿದ್ದ ಶೀತಕಾಲಗಳ ಪದರಗಳಲ್ಲಿ ಕಡಿಮೆ. ಈ ಹೊಂದಾಣಿಕೆಯನ್ನು ಅವರು 1998ರಲ್ಲಿ ಪ್ರಕಟಿಸಿದರು.

ಇಂದು ಆ ಪ್ರಮಾಣದ ಹಿಮಗಡ್ಡೆಗಳ ದಂಡು ಇಲ್ಲ. ಆದರೆ ಗ್ರೀನ್‌ಲ್ಯಾಂಡ್ ವರ್ಷಕ್ಕೆ ಸರಾಸರಿ ಇಪ್ಪತ್ತಾರು ಸಾವಿರ ಕೋಟಿ ಟನ್ನಿಗೂ ಹೆಚ್ಚು ಹಿಮ ಕಳೆದುಕೊಳ್ಳುತ್ತಿದೆ. ಅಟ್ಲಾಂಟಿಕ್ ಚಕ್ರದ ನಿರಂತರ ಅಳತೆ ಶುರುವಾದದ್ದು 2004ರಲ್ಲಷ್ಟೇ. ಈ ಶತಮಾನದಲ್ಲಿ ಅದು ದುರ್ಬಲಗೊಳ್ಳುವ ಸಂಭವ ಬಹಳ ಹೆಚ್ಚು, 2100ರೊಳಗೆ ಥಟ್ಟನೆ ಕುಸಿಯಲಾರದು (ಇದರಲ್ಲಿ ವಿಶ್ವಾಸ ಮಧ್ಯಮ ಮಟ್ಟದ್ದು) ಎಂಬುದು ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯ (ಐಪಿಸಿಸಿ) 2021ರ ವರದಿಯ ಅಂದಾಜು. ಕರಾವಳಿಯ ನಾಳೆಯ ಬಗ್ಗೆ ಮಾತಾಡುವಾಗ ನಾವು ಕಡಲ್ಕೊರೆತವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತೇವೆ. ಕರಗುವ ಹಿಮ ಮಳೆಯನ್ನೂ ಅಲುಗಾಡಿಸಬಲ್ಲದು ಎಂಬುದು ಆ ಲೆಕ್ಕಕ್ಕೆ ಸೇರಬೇಕು.