ಗಿಟಾರ್ ಅಭ್ಯಾಸ: ಭಾನುವಾರದ 3 ಗಂಟೆಗಿಂತ ದಿನದ 40 ನಿಮಿಷ ಮೇಲು



ಹೃದಯದ ಡಾಕ್ಟರು ಈ ಸಲ ಗಿಟಾರ್ ಬಗ್ಗೆ ಯಾಕೆ ಬರೆದರು ಎಂದು ಕೇಳಬಹುದು. ಕಾರಣ ನನ್ನ ಎಡಗೈ.

ನಾಲ್ಕು ವರ್ಷದ ಹಿಂದೆ, 42ರ ವಯಸ್ಸಿನಲ್ಲಿ, ಮಗಳು ಬಿಟ್ಟುಹೋದ ಕ್ಲಾಸಿಕಲ್ ಗಿಟಾರನ್ನು ಪುಣೆಯ ನಮ್ಮ ಫ್ಲಾಟಿನಲ್ಲಿ ಕೈಗೆತ್ತಿಕೊಂಡೆ. ವಾರವಿಡೀ ಆಸ್ಪತ್ರೆ. ಭಾನುವಾರ ಮಾತ್ರ ಒಂದೇ ಸಮನೆ 3 ಗಂಟೆ ನುಡಿಸುತ್ತಿದ್ದೆ. ಮೂರೇ ತಿಂಗಳಲ್ಲಿ ಎಡಗೈಯ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯತೊಡಗಿದವು. ಆಂಜಿಯೋಗ್ರಾಮ್ ಮಾಡುವವನಿಗೆ ಬೆರಳೇ ಅನ್ನ. ಆ ರಾತ್ರಿ ನಿದ್ದೆ ಬರಲಿಲ್ಲ. ಪರೀಕ್ಷೆ ಮಾಡಿಸಿದಾಗ ಹೃದಯ ಸರಿಯಿತ್ತು. ಮೊಣಕೈ ಬಳಿ ಅಲ್ನಾರ್ ನರಕ್ಕೆ ಒತ್ತಡ ಬಿದ್ದಿತ್ತು. "6 ವಾರ ಗಿಟಾರ್ ಮುಟ್ಟಬೇಡಿ" ಎಂದರು ಫಿಸಿಯೋಥೆರಪಿಸ್ಟ್.

ಆಗ ನೆನಪಾದದ್ದು ಮೈಸೂರಿನ ಮನೆಯಲ್ಲಿ ಅಮ್ಮನ ವೀಣೆ. ದಿನವೂ ಬೆಳಿಗ್ಗೆ ಅರ್ಧ ಗಂಟೆ. ಸರಳೆ ವರಸೆ ಮೊದಲ ಕಾಲದಲ್ಲಿ ತಪ್ಪಿಲ್ಲದೆ ಬರುವವರೆಗೆ ಎರಡನೇ ಕಾಲಕ್ಕೆ ಹೋಗುತ್ತಿರಲಿಲ್ಲ. ವಾದ್ಯ ಬೇರೆಯಾದರೂ ಕ್ರಮ ಅದೇ. ವಾರದ ಬಿಪಿ ಮಾತ್ರೆಗಳನ್ನೆಲ್ಲ ಭಾನುವಾರ ಒಟ್ಟಿಗೆ ನುಂಗುತ್ತೇವೆಯೇ?

*ನಾನು ಈಗ ಪಾಲಿಸುವ 40 ನಿಮಿಷದ ಚೀಟಿ:*

1. *5 ನಿಮಿಷ:* ಶ್ರುತಿ ಮಾಡಿ, ಭುಜ ಸಡಿಲಿಸಿ, ಖಾಲಿ ತಂತಿಗಳನ್ನು ಮೆಲ್ಲಗೆ ಮೀಟುವುದು. ಚಳಿಗಾಲದಲ್ಲಿ ಮೊದಲು ಬಿಸಿನೀರಲ್ಲಿ ಕೈ ತೊಳೆಯಿರಿ.

2. *8 ನಿಮಿಷ:* ಬಲಗೈ. ಇಟಲಿಯ ಮೌರೊ ಜುಲಿಯಾನಿ ಇದಕ್ಕೆಂದೇ 120 ಪಾಠ ಬರೆದಿದ್ದಾರೆ. ವಾರಕ್ಕೆ ಒಂದೆರಡು ಸಾಕು.

3. *7 ನಿಮಿಷ:* ಎಡಗೈಗೆ ಸ್ಕೇಲ್. ಮೆಟ್ರೋನೋಮ್ 60ಕ್ಕೆ ಇಡಿ. ತಂತಿಯ ಗರಗರ ನಿಲ್ಲುವಷ್ಟೇ ಒತ್ತಿ, ಅದಕ್ಕಿಂತ ಹೆಚ್ಚು ಬೇಡ. ನಾನು ಕೈ ಕೆಡಿಸಿಕೊಂಡದ್ದು ಇಲ್ಲೇ: ಮಣಿಕಟ್ಟು, ಮೊಣಕೈ ಮಡಚಿ, ಬಿಗಿಹಿಡಿದು ಒತ್ತುತ್ತಿದ್ದೆ.

4. *3 ನಿಮಿಷ:* ಎದ್ದು ಓಡಾಡಿ, ನೀರು ಕುಡಿಯಿರಿ. ಎಡಗಾಲನ್ನು ಫುಟ್‌ಸ್ಟೂಲ್ ಮೇಲಿಟ್ಟು ತುಂಬಾ ಹೊತ್ತು ಕುಳಿತರೆ ಸೊಂಟ ನೋಯುತ್ತದೆ.

5. *12 ನಿಮಿಷ:* ಹೊಸ ಪಾಠ. ಕಾರ್ಕಾಸಿಯ 25 ಪಾಠಗಳು ಒಳ್ಳೆಯವು. ಇಡೀ ಪಾಠ ಬೇಡ, ತೊಡಕಿನ ಎರಡು ಬಾರ್ ಮಾತ್ರ. ಸತತ 3 ಸಲ ತಪ್ಪಿಲ್ಲದೆ ಬಂದರೆ ವೇಗ 4 ಅಂಕ ಏರಿಸಿ. ತಪ್ಪಾದರೆ ಇಳಿಸಿ. ತಪ್ಪನ್ನೇ ಹತ್ತು ಸಲ ನುಡಿಸಿದರೆ ಬೆರಳು ಕಲಿಯುವುದು ಆ ತಪ್ಪನ್ನೇ.

6. *5 ನಿಮಿಷ:* ಬರುವ ಒಂದು ಹಾಡನ್ನು ಸಂತೋಷಕ್ಕೆ ನುಡಿಸಿ. ಇದನ್ನು ಬಿಟ್ಟರೆ ನಾಳೆ ಗಿಟಾರ್ ಎತ್ತುವ ಮನಸ್ಸೇ ಬರುವುದಿಲ್ಲ.

ಕೊನೆಗೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ: ಯಾವ ಪಾಠ, ಎಷ್ಟು ವೇಗ, ಎಲ್ಲಿ ತೊಡಕು. ಮರುದಿನ ಎಲ್ಲಿಂದ ಶುರು ಮಾಡಬೇಕೆಂದು ಯೋಚಿಸಬೇಕಿಲ್ಲ. ವಾರಕ್ಕೆ ಒಂದು ದಿನ ಕೈಗೆ ರಜೆ. 40 ನಿಮಿಷ ಸಿಗದ ದಿನ 15 ನಿಮಿಷವಾದರೂ ಸರಿ. ಫ್ಲಾಟಿನಲ್ಲಿ ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ ಬ್ರಿಜ್ ಬಳಿ ತಂತಿಗಳ ಕೆಳಗೆ ಮಡಿಸಿದ ಕರವಸ್ತ್ರ ಇಡಿ, ದನಿ ತಗ್ಗುತ್ತದೆ.

*ಡಾಕ್ಟರಾಗಿ ಮೂರು ಮಾತು:*

👉 ಜೋಮು ಅಥವಾ ನೋವು ಬಂದ ಕೂಡಲೇ ನಿಲ್ಲಿಸಿ. ಕೆಲವು ದಿನದಲ್ಲಿ ಹೋಗದಿದ್ದರೆ ತೋರಿಸಿ.

👉 ಎಡಗೈ ನೋವೆಲ್ಲ ಗಿಟಾರಿನದ್ದೇ ಎಂದುಕೊಳ್ಳಬೇಡಿ. ನಡೆದಾಗ, ಮೆಟ್ಟಿಲು ಹತ್ತಿದಾಗ ಬರುವ ನೋವು, ಎದೆ ಭಾರ, ದವಡೆ ನೋವು, ತಣ್ಣನೆ ಬೆವರು, ಉಸಿರುಕಟ್ಟುವಿಕೆ ಇದ್ದರೆ ಮನೆಯಲ್ಲಿ ಕಾಯಬೇಡಿ. 112ಕ್ಕೆ ಕರೆ ಮಾಡಿ ಅಥವಾ ಕೂಡಲೇ ಆಸ್ಪತ್ರೆಗೆ ಹೋಗಿ.

👉 ಗಿಟಾರ್ ಮನಸ್ಸಿಗೆ ಹಿತ. ಆದರೆ ಕೊಲೆಸ್ಟ್ರಾಲ್ ಇಳಿಸುವುದಿಲ್ಲ. ದಿನದ ನಡಿಗೆ, ಮಾತ್ರೆ ಬಿಡಬೇಡಿ.

ಈಗ ನನ್ನ ಬೆರಳು ಸರಿಯಿವೆ. ಹೋದ ತಿಂಗಳು ಫೋನಿನಲ್ಲಿ ಅಮ್ಮನಿಗೆ ತಾರ್ರೆಗಾ ಅವರ 'ಲಾಗ್ರಿಮಾ' ನುಡಿಸಿ ಕೇಳಿಸಿದೆ. "ಚೆನ್ನಾಗಿದೆ, ಆದರೆ ಕಾಲ ಓಡ್ತಾ ಇದೆ" ಎಂದರು. ಮರುದಿನ ಮೆಟ್ರೋನೋಮ್ ಮತ್ತೆ 60ಕ್ಕೆ ಇಳಿಸಿದೆ.

ನಿಮ್ಮ ಮನೆಯ ಮೂಲೆಯಲ್ಲೂ ಒಂದು ವಾದ್ಯ ಧೂಳು ಹಿಡಿದು ಕೂತಿರಬಹುದು. ಇವತ್ತು 15 ನಿಮಿಷ ಕೊಡಿ. ಸಂಗೀತ ಕಲಿಯುವ ಮಕ್ಕಳಿಗೂ ಹಿರಿಯರಿಗೂ ಇದನ್ನು ಕಳುಹಿಸಿ. 🙏